ನಮ್ಮ ಮಗಳು ಈಗ ಯಾವೂರೋಳು?

ಅವತ್ತು ಸಾಯಂಕಾಲ ಏಳೂವರೆಗೆ ನಮ್ಮನೇಲಿ ಟೀವಿ ಆಫ್. ವಿಷಲ್ ಕೂಗಿದ್ರೆ ಕಷ್ಟ ಅಂತ ಕುಕ್ಕರ್ ಕೂಡ ಮುಂಚೇನೇ ಇಳಿಸಿ ಇಟ್ಟಿದ್ದೆ. ಟೊರಾಂಟೊ ಹತ್ರ ಇರೋ ನಮ್ಮ ದೊಡ್ಡ ಮಗಳು ಅವತ್ತು ಕೆನಡಾ ದೇಶದ ಪ್ರಜೆ ಆಗೋ ದಿನ. ಅವಳಿಗೆ ಬೆಳಿಗ್ಗೆ ಹತ್ತು ಗಂಟೆ. ಕೊರೋನಾ ಬಂದಾಗಿಂದ ಅಲ್ಲಿ ಈ ಪ್ರಮಾಣವಚನವನ್ನ ಕಂಪ್ಯೂಟರಲ್ಲೇ ಮಾಡಿಸೋದು ಶುರುವಾಗಿದೆ. ಅವಳು ಲ್ಯಾಪ್‌ಟಾಪ್ ಮುಂದೆ ಕೂತು, ಪಕ್ಕದಲ್ಲಿ ಇನ್ನೊಂದು ಫೋನ್ ನಿಲ್ಲಿಸಿ ನಮಗೆ ವಿಡಿಯೋ ಕಾಲ್ ಮಾಡಿದ್ಲು. "ಅಮ್ಮ, ನೀವು ಮಾತಾಡಂಗಿಲ್ಲ, ಸುಮ್ನೆ ನೋಡ್ಬೇಕು ಅಷ್ಟೇ" ಅಂದ್ಲು.

ನಾನು ಕಾಟನ್ ಸೀರೆ ಉಟ್ಟಿದ್ದೆ. ಯಾಕೆ ಉಟ್ಟೆ ಅಂತ ಕೇಳ್ಬೇಡಿ, ನನ್ನನ್ನ ಅಲ್ಲಿ ಯಾರೂ ನೋಡ್ತಾ ಇರಲಿಲ್ಲ.

ಕೈ ಎತ್ತಿ ಹೇಳಿದ್ಲು, ಮೊದಲು ಇಂಗ್ಲಿಷಲ್ಲಿ, ಆಮೇಲೆ ಫ್ರೆಂಚಲ್ಲಿ. ಫ್ರೆಂಚ್ ಹೇಳುವಾಗ ಅವಳಿಗೂ ನಗು, ನನಗೂ ನಗು. ಅದಾದ್ಮೇಲೆ ಕತ್ತರಿ ತಗೊಂಡ್ಲು. ಅಲ್ಲಿ ಖಾಯಂ ಆಗಿ ಇರೋರಿಗೆ ಪಿಆರ್ ಕಾರ್ಡ್ ಅಂತ ಕೊಟ್ಟಿರ್ತಾರೆ. ಪ್ರಜೆ ಆದ ಮೇಲೆ ಅದು ಬೇಡ, ಕ್ಯಾಮೆರಾ ಮುಂದೆ ಹಿಡಿದು ಕತ್ತರಿಸಿ ತೋರಿಸಿ ಅಂದ್ರಂತೆ. ಕಚಕ್ ಅಂತ ಕತ್ತರಿಸಿದ್ಲು. ಆ ಕಾರ್ಡಿಗೋಸ್ಕರ ಎಷ್ಟು ವರ್ಷ ಒದ್ದಾಡಿದ್ಲು ಅಂತ ನನಗೆ ಗೊತ್ತು. ಹೊಟ್ಟೇಲಿ ಒಂಥರಾ ಆಯ್ತು.

ಪಕ್ಕಕ್ಕೆ ತಿರುಗಿ ನೋಡಿದ್ರೆ ನಮ್ಮನೆಯವ್ರು ಇಲ್ಲ. ಹೊರಗೆ ಜಗುಲಿ ಮೇಲೆ ಕೂತಿದ್ರು. "ಏನ್ರೀ, ಮಗಳಿಗೆ ಒಂದು ಮಾತು ಹೇಳಬಾರದಾ" ಅಂದೆ. ಅವ್ರು ಹೇಳಿದ್ದು ಇಷ್ಟೇ: "ಕಿಂಗ್ ಚಾರ್ಲ್ಸ್ ಅಂದ್ಲು, ಕೇಳಿಸ್ಕೊಂಡ್ಯಾ? ನಮ್ಮಪ್ಪ ಯಾರ ಕೈಯಿಂದ ಬಿಡಿಸ್ಕೊಂಡ್ರೋ ಅವ್ರ ಕೈಗೇ ಹೋಗಿ ಸೇರ್ಕೊಂಡ್ಲಲ್ಲೇ!"

ಆ ಮೇಲೆ ಒಂದು ತಿಂಗಳು ಮಗಳ ಹತ್ರ ಅವ್ರು ನೆಟ್ಟಗೆ ಮಾತಾಡಲಿಲ್ಲ. ಫೋನ್ ಬಂದ್ರೆ "ಅಮ್ಮನಿಗೆ ಕೊಡ್ತೀನಿ" ಅನ್ನೋದು, ಎದ್ದು ಹೋಗೋದು. ನೀವೆಲ್ಲಾ ಕೇಳ್ತಾನೇ ಇದ್ರಿ, ಮನೇಲಿ ಏನು ಸಮಾಚಾರ, ಯಾಕೆ ಮುಖ ಬಾಡಿದೆ ಅಂತ. ಅವತ್ತು ಹೇಳೋಕಾಗಲಿಲ್ಲ. ಈಗ ಹೇಳ್ತೀನಿ.

ಅವ್ರು ಹೇಳಿದ್ದು ಸುಳ್ಳೇನಲ್ಲ. ಕೆನಡಾದಲ್ಲಿ ಇವತ್ತಿಗೂ ಇಂಗ್ಲೆಂಡಿನ ರಾಜನೇ ರಾಜ, ಪ್ರಮಾಣ ಅವನ ಹೆಸರಲ್ಲೇ. ಅದರ ಜೊತೆಗೆ ಅಲ್ಲಿನ ಮೂಲನಿವಾಸಿಗಳ ಹಕ್ಕನ್ನೂ ಗೌರವಿಸ್ತೀನಿ ಅಂತ ಹೇಳಬೇಕು, ಅದನ್ನ 2021ರಲ್ಲಿ ಸೇರಿಸಿದ್ದು. ಇನ್ನು ನಮ್ಮ ಮಾವನೋರ ಕಥೆ. ಹಲಸೂರಿನಲ್ಲಿ ಹುಟ್ಟಿ, ಹಲಸೂರಿನಲ್ಲೇ ಕಣ್ಣು ಮುಚ್ಚಿದೋರು. ಹಳಬರು ನಮ್ಮ ಕಡೆಗೆ ದಂಡು ಅಂತಿದ್ರಲ್ಲ, 1809ರಲ್ಲಿ ಬ್ರಿಟಿಷರು ಸೈನ್ಯ ಇಡೋಕೆ ಮಾಡ್ಕೊಂಡ ಜಾಗ. 1881ರಲ್ಲಿ ಮೈಸೂರು ಸೀಮೇನ ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನ ಮಾತ್ರ ಕೊಡಲಿಲ್ಲ, ತಾವೇ ಇಟ್ಕೊಂಡ್ರು. ಹಂಗಾಗಿ ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. ನಡುವೆ ಕಬ್ಬನ್ ಪಾರ್ಕು. ನಮ್ಮ ಮಾವ ಚಿಕ್ಕಪೇಟೆಗೆ ಬಟ್ಟೆ ತರೋಕೆ ಹೋಗಬೇಕಾದ್ರೆ "ಸಿಟಿಗೆ ಹೋಗಿ ಬರ್ತೀನಿ" ಅಂತಿದ್ರು, ಕೊನೇವರೆಗೂ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದು ತಮಾಷೆ ಅನ್ನಿಸ್ತಿತ್ತು. ಹಲಸೂರು ಮತ್ತಿನ್ನೇನು, ಹಳ್ಳೀನಾ?

1947ರ ಜುಲೈ 26ಕ್ಕೆ ದಂಡನ್ನ ಮೈಸೂರಿಗೆ ಬಿಟ್ಟುಕೊಟ್ರು. ಇಪ್ಪತ್ತು ದಿನ ಕಳೆದ್ರೆ ಸ್ವಾತಂತ್ರ್ಯ. 1949ರಲ್ಲಿ ದಂಡು, ಪೇಟೆ ಎರಡೂ ಸೇರಿ ಒಂದೇ ಕಾರ್ಪೊರೇಷನ್. 1950ಕ್ಕೆ ಗಣರಾಜ್ಯ. ಅಂದ್ರೆ ನಮ್ಮ ಮಾವ ಮನೆ ಬದಲಾಯಿಸಲಿಲ್ಲ, ಬಾಗಿಲು ಕೂಡ ಬದಲಾಯಿಸಲಿಲ್ಲ, ಕೂತಲ್ಲೇ ಬ್ರಿಟಿಷರೋರು, ಮಹಾರಾಜರೋರು, ಆಮೇಲೆ ಭಾರತದೋರು ಆದ್ರು. ಅವರ ಕಾಲದಲ್ಲಿ ಆರನೇ ಜಾರ್ಜ್ ರಾಜ. ಈಗಿನ ಚಾರ್ಲ್ಸು ಅವನ ಮೊಮ್ಮಗ. ಆ ರಾಜನ ಮೊಮ್ಮಗನ ಹೆಸರಲ್ಲಿ ಈ ತಾತನ ಮೊಮ್ಮಗಳು ಕೈ ಎತ್ತಿದ್ಲು. ಕಬ್ಬನ್ ಪಾರ್ಕಿನ ಮೂಲೇಲಿ ನಿಂತಿರೋ ವಿಕ್ಟೋರಿಯಾ ರಾಣಿಗೆ ಗೊತ್ತಾದ್ರೆ ನಗ್ತಾಳೇನೋ. ನಮ್ಮನೆಯವ್ರಿಗೆ ಮಾತ್ರ ನಗು ಬರಲಿಲ್ಲ.

ಇಲ್ಲಿ ಒಂದು ವಿಷಯ ನನಗೂ ಆಮೇಲೇ ಗೊತ್ತಾಗಿದ್ದು. ಕೆನಡಾದೋರು ಭಾರತದ ಪೌರತ್ವ ಬಿಡು ಅಂತ ಕೇಳೋದೇ ಇಲ್ಲ. ಎರಡೂ ಇಟ್ಕೋ ಅಂತಾರೆ. ಬಿಟ್ಟಂಗೇ ಲೆಕ್ಕ ಅನ್ನೋರು ನಮ್ಮೋರು. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ, ಎರಡರಲ್ಲೂ ಇದೇ ಮಾತು. ಇಷ್ಟಪಟ್ಟು ಇನ್ನೊಂದು ದೇಶದ ಪ್ರಜೆ ಆದ್ರೆ, ಆದ ಘಳಿಗೆಯಿಂದ್ಲೇ ಭಾರತದ ಪ್ರಜೆ ಅಲ್ಲ. ಪಾಸ್‌ಪೋರ್ಟ್ ಒಪ್ಪಿಸಬೇಕು. ಅವಳು ಒಪ್ಪಿಸಿದ್ಲು, ಕ್ಯಾನ್ಸಲ್ ಅಂತ ಮುದ್ರೆ ಒತ್ತಿ ವಾಪಸ್ ಕೊಟ್ರು. ಸಲ ಬಂದಾಗ ನನ್ನ ಕೈಗೆ ಕೊಟ್ಟು "ಇಟ್ಕೊಳಮ್ಮ" ಅಂದ್ಲು. ಅವಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಜೊತೆ ಗಾಡ್ರೇಜ್ ಬೀರುವಲ್ಲಿ ಇಟ್ಟಿದೀನಿ. ಫೋಟೋದಲ್ಲಿ ಎಣ್ಣೆ ಹಾಕಿ ಬಾಚಿದ ಜಡೆ, ಇಪ್ಪತ್ತೆರಡು ವರ್ಷದ ಹುಡುಗಿ.

ಬದಲಿಗೆ ಅವಳಿಗೆ ಸಿಕ್ಕಿದ್ದು ಓಸಿಐ. ಹೆಸರು ನೋಡಿದ್ರೆ ಸಾಗರೋತ್ತರ ಭಾರತೀಯ ಪ್ರಜೆ ಅಂತ, ಆದ್ರೆ ಪ್ರಜೆ ಅಲ್ಲ! 2005ರಲ್ಲಿ ಕಾನೂನು ತಿದ್ದಿ ಶುರು ಮಾಡಿದ್ದು. ಜೀವನಪೂರ್ತಿ ವೀಸಾ ಇಲ್ದೆ ಬಂದು ಹೋಗಬಹುದು, ಎಷ್ಟು ದಿನ ಬೇಕಾದ್ರೂ ಇರಬಹುದು, ಹಂಪಿಗೆ ಹೋದ್ರೆ ನಮ್ಮ ರೇಟಿನ ಟಿಕೆಟ್ಟೇ. ಓಟು ಇಲ್ಲ. ಚುನಾವಣೆಗೆ ನಿಲ್ಲಂಗಿಲ್ಲ. ಸರ್ಕಾರಿ ನೌಕರಿ ಇಲ್ಲ. ಹೊಲ ಕೊಳ್ಳಂಗಿಲ್ಲ. ಹುಡುಗಿ ಮದುವೆಯಾಗಿ ಹೋದ ಮೇಲೆ ತವರುಮನೆಗೆ ಬಂದಂಗೆ ಅಂದ್ಕೊಳ್ಳಿ. ಬಾ, ಉಣ್ಣು, ಮಲಗು, ಮನೆ ವ್ಯವಹಾರಕ್ಕೆ ಬಾಯಿ ಹಾಕಬೇಡ. ಆದ್ರೂ ಅದು ಕೈಗೆ ಬರೋವರೆಗೂ ಅವಳಿಗೆ ನಿದ್ದೆ ಇರಲಿಲ್ಲ. 2023ರ ಸೆಪ್ಟೆಂಬರಲ್ಲಿ ಎರಡೂ ದೇಶಕ್ಕೆ ಜಗಳ ಆಗಿ ಕೆನಡಾದೋರಿಗೆ ವೀಸಾನೇ ನಿಲ್ಲಿಸಿದ್ರಲ್ಲ, ಅದನ್ನ ನೋಡಿದ್ಲು. ಓಸಿಐ ಇದ್ದೋರು ಬಂದು ಹೋಗ್ತಿದ್ರು, ಇಲ್ದೋರು ಅಲ್ಲೇ ಉಳಿದ್ರು. "ಅಪ್ಪನಿಗೆ ಏನಾದ್ರೂ ಆದ್ರೆ ನಾನು ವೀಸಾಕ್ಕೆ ಕಾಯ್ಕೊಂಡು ಕೂತ್ಕೋಬೇಕಾ" ಅಂತ ಅವಳ ಭಯ.

ಇದು ನಮ್ಮನೆ ಒಂದರ ಕಥೆ ಅಲ್ಲ. ಸರ್ಕಾರ ಪಾರ್ಲಿಮೆಂಟಲ್ಲಿ ಕೊಟ್ಟ ಲೆಕ್ಕ, 2022 ಒಂದೇ ವರ್ಷದಲ್ಲಿ ಭಾರತದ ಪೌರತ್ವ ಬಿಟ್ಟೋರು 2,25,620 ಜನ. 2011ರಲ್ಲಿ ಇದು 1,22,819 ಇತ್ತು. ಇವರೆಲ್ಲಾ ದೇಶದ ಮೇಲೆ ಸಿಟ್ಟಾಗಿ ಹೋದೋರಾ? ನಮ್ಮ ಇಂದಿರಾನಗರ, ಸಿ.ವಿ. ರಾಮನ್ ನಗರದ ಕಡೆ ಬೀದಿಗೆ ಎರಡು ಮನೇಲಿ ಹಿಂಗೇ ಇದೆ. ಆ ಮಕ್ಕಳನ್ನ ನಾನು ಕಂಡಿದೀನಿ, ಯುಗಾದಿಗೆ ಅಲ್ಲಿ ಹೋಳಿಗೆ ತಟ್ಟಿ ಫೋಟೋ ಕಳಿಸ್ತಾರೆ. ಕೆಲಸ ಹೋದ್ರೂ ದೇಶ ಬಿಟ್ಟು ಹೊರಡು ಅನ್ನಬಾರದು, ಅಷ್ಟಕ್ಕೇ ಪಾಸ್‌ಪೋರ್ಟ್ ತಗೊಂಡಿರೋದು. ನಾವು ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದಂಗೆ. ನಮ್ಮ ಚಿಕ್ಕಂದಿನಲ್ಲಿ ಕಾಕ್ಸ್ ಟೌನ್, ಫ್ರೇಜರ್ ಟೌನಿನ ಆಂಗ್ಲೋ ಇಂಡಿಯನ್ ಮನೆಗಳು ಒಂದೊಂದಾಗಿ ಖಾಲಿ ಆಗಿದ್ದು ನೆನಪಿದೆಯಾ? ಆಸ್ಟ್ರೇಲಿಯಾ, ಆಸ್ಟ್ರೇಲಿಯಾ ಅಂತಿದ್ರು. ನಮಗೆ ಕ್ರಿಸ್‌ಮಸ್ಸಿಗೆ ಕಲ್‌ಕಲ್ ಕೊಡ್ತಿದ್ದ ಆಂಟಿ ಹೋಗುವಾಗ ಬಾಗಿಲು ಹಿಡ್ಕೊಂಡು ಅತ್ತಿದ್ರು. ಅವ್ರಿಗೆ ವಾಪಸ್ ಬರೋ ಪುಸ್ತಕ ಯಾರೂ ಕೊಟ್ಟಿರಲಿಲ್ಲ.

ಈಗ ಹೊಲದ ವಿಷಯಕ್ಕೆ ಬರ್ತೀನಿ, ನಮ್ಮನೆ ಸಂಕಟ ಇದ್ದಿದ್ದು ಅಲ್ಲೇ. ಹೊಸಕೋಟೆ ಕಡೆ ನಮ್ಮನೆಯವ್ರ ಹೆಸರಲ್ಲಿ ಒಂದು ಎಕರೆ ಚಿಲ್ಲರೆ ಇದೆ. ರಾಗಿ, ಸಾಲಲ್ಲಿ ಅವರೆ. ಮಗಳು ಚಿಕ್ಕವಳಾಗಿದ್ದಾಗ ರಜಕ್ಕೆ ಹೋಗಿ ಕಳೆ ಕಿತ್ತಿದ್ದಾಳೆ, ಕಣದಲ್ಲಿ ಮಲಗಿದ್ದಾಳೆ. "ಈ ಕಡೆ ಅರ್ಧ ನಿಂಗೇ" ಅಂತ ಅವ್ರು ಅವಳಿಗೆ ಮಾತು ಕೊಟ್ಟಿದ್ರು. ಹೆಣ್ಣಿಗೆ ಯಾಕೆ ಅಂತ ನಮ್ಮ ಭಾವನೋರು ಕೊಂಕು ತೆಗೆದಾಗಲೂ ಬಗ್ಗಲಿಲ್ಲ. ನಾವು ಗಟ್ಟಿಯಾಗಿರುವಾಗ್ಲೇ ದಾನಪತ್ರ ಮಾಡಿಬಿಡೋಣ ಅಂತ ಇದ್ರು. ಅಷ್ಟರಲ್ಲಿ ಈ ಪ್ರಮಾಣವಚನ. "ಮುಗೀತಲ್ಲ, ಈಗ ಅವಳು ಫಾರಿನರ್ರು, ನನ್ನ ಮಾತನ್ನ ನಾನೇ ಮುರಿಯೋ ಹಂಗೆ ಮಾಡಿದ್ಲು" ಅಂತ ಅವ್ರ ಕೋಪ. ಒಂದು ತಿಂಗಳು ಮಾತು ಬಿಟ್ಟಿದ್ದು ರಾಜನಿಗಲ್ಲ, ಇದಕ್ಕೆ. ಅದನ್ನ ಬಾಯಿಬಿಟ್ಟು ಹೇಳೋಕೆ ಅವ್ರಿಗೆ ತಿಂಗಳು ಬೇಕಾಯ್ತು.

ನಾನೇ ಬಲವಂತ ಮಾಡಿ ವಕೀಲರ ಹತ್ರ ಕರ್ಕೊಂಡು ಹೋದೆ. ಅವ್ರು ಹೇಳಿದ್ದು ಕೇಳಿ ಇಬ್ಬರಿಗೂ ಮಾತು ಹೊರಡಲಿಲ್ಲ. ವ್ಯವಸಾಯದ ಜಮೀನನ್ನ ಓಸಿಐನೋರಿಗೆ ದಾನ ಕೊಡೋಕೆ ಬರಲ್ಲ, ನಿಜ. ಆದ್ರೆ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಪರದೇಶದಲ್ಲಿ ವಾಸ ಇರೋ ಎನ್ನಾರೈಗೂ ಕೊಡೋಕೆ ಬರಲ್ಲ! ವಿದೇಶಿ ವಿನಿಮಯದ ನಿಯಮ ಅದು. "ಅಮ್ಮ, ನಿಮ್ಮ ಮಗಳು ಆ ಪ್ರಮಾಣ ತಗೊಳ್ದೇ ಇದ್ದಿದ್ರೂ ಅಷ್ಟೇ. ಕಾನೂನು ಕೇಳೋದು ಅವಳು ವಾಸ ಎಲ್ಲಿದ್ದಾಳೆ ಅಂತ" ಅಂದ್ರು. ಅಪ್ಪ ಅಮ್ಮನ ನಂತರ ವಾರಸುದಾರಳಾಗಿ ಬರೋದಕ್ಕೆ ಮಾತ್ರ ಅಡ್ಡಿ ಇಲ್ಲ, ಅವಳು ಯಾವ ದೇಶದ ಪ್ರಜೆ ಆದ್ರೂ ಸರಿ. ಹಂಗಾಗಿ ಉಯಿಲು ಬರೀರಿ ಅಂದ್ರು.

ಆಫೀಸಿಂದ ಇಳಿದು ಬರುವಾಗ ಮೆಟ್ಟಿಲ ಮೇಲೆ ನಿಂತು ನಮ್ಮನೆಯವ್ರು ಅಂದ್ರು: "ಅಂದ್ರೆ ನಾನು ಸತ್ತ ಮೇಲೆ ಮಾತ್ರ ಕೊಡಬೋದಂತೆ ಕಣೇ." ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಬಸ್ ಸ್ಟಾಪ್ ಹತ್ರ ಎಳನೀರು ಕುಡಿಸಿದೆ.

ನೋಡಿ, ನನಗೆ ಸಿಟ್ಟು ಬರೋದು ಇಲ್ಲಿ. 2020ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿದ್ರು, ರೈತರಲ್ಲದೋರೂ ಹೊಲ ಕೊಳ್ಳಬಹುದು ಅಂತ. ರಾಗಿ ತೆನೆ ಯಾವ ಕಡೆ ಬಾಗುತ್ತೆ ಅಂತ ಗೊತ್ತಿಲ್ಲದೋರು ಬಂದು ನಮ್ಮ ಪಕ್ಕದ ಹೊಲ ತಗೊಂಡು ಬೇಲಿ ಹಾಕಿ ಹೋಗಿದ್ದಾರೆ, ಒಂದು ಸಲವೂ ಮುಖ ಕಂಡಿಲ್ಲ. ಅವ್ರಿಗೆ ಆಗುತ್ತೆ, ಕಳೆ ಕಿತ್ತ ನನ್ನ ಮಗಳಿಗೆ ಆಗಲ್ಲ. ಆದ್ರೂ ಮನೆಗೆ ಬಂದು ಪಾತ್ರೆ ತೊಳೀತಾ ಯೋಚನೆ ಮಾಡಿದೆ, ವಾಸ ಎಲ್ಲಿ ಅಂತ ಕೇಳೋದು ಪೂರ್ತಿ ತಪ್ಪೂ ಅಲ್ಲ.

ಪೌರ ಅಂದ್ರೆ ಏನು? ಪುರದಲ್ಲಿ ಇರೋನು. ನಮಗೆ ಪಿಯುಸಿಯಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದು. ದಿನ ಬೆಳಗಾದ್ರೆ ನಾವು ಪೌರ ಅನ್ನೋ ಪದ ಬಳಸೋದು ಯಾರಿಗೆ ಹೇಳಿ? ಬೀದಿ ಗುಡಿಸೋ ಪೌರಕಾರ್ಮಿಕರಿಗೆ. ಇಂಗ್ಲಿಷಿನ ಸಿಟಿಜನ್ನಲ್ಲೂ ಒಳಗೆ ಸಿಟಿ ಇದೆ. ಮೊದಲು ಇರೋ ಊರು, ಕೊಡೋ ಕಂದಾಯ, ಹಾಕೋ ಓಟು, ಕೈಯಲ್ಲಿರೋ ಕಾಗದ, ಎಲ್ಲಾ ಒಂದೇ ಕಡೆ ಇರ್ತಿತ್ತು. ಈಗ ಅವೆಲ್ಲಾ ಬೇರೆ ಬೇರೆ ಕಡೆ ಹೋಗಿವೆ. ನನ್ನ ಮಗಳ ಮನೆ ಒಳಗೇ ನೋಡಿ. ಅವಳು ಕೆನಡಾದೋಳು. ಅಳಿಯಂದ್ರು ಇನ್ನೂ ಭಾರತದ ಪಾಸ್‌ಪೋರ್ಟೇ, ಮಾಲೂರಲ್ಲಿರೋ ಬೀಗಿತಿ ಒಪ್ಪಿಲ್ಲ. ಮೊಮ್ಮಗ ಅಲ್ಲೇ ಹುಟ್ಟಿದ್ದು, ಹುಟ್ಟಿದ ದಿನದಿಂದ ಕೆನಡಾದೋನು, ಅವರಮ್ಮನಿಗಿಂತ ಹಳಬ! ಅಳಿಯಂದ್ರಿಗೆ ಇಲ್ಲಿ ಓಟಿನ ಹಕ್ಕಿದೆ. 2010ರಲ್ಲಿ ಕಾನೂನು ಮಾಡಿದ್ರು, ಎನ್ನಾರೈಗಳು ಊರಿನ ವಿಳಾಸಕ್ಕೆ ಹೆಸರು ಸೇರಿಸಬಹುದು ಅಂತ. ಆದ್ರೆ ಪಾಸ್‌ಪೋರ್ಟ್ ಹಿಡ್ಕೊಂಡು ಖುದ್ದಾಗಿ ಬೂತಿಗೆ ಬರಬೇಕು. ಒಂದು ಓಟಿಗೆ ವಿಮಾನದ ಟಿಕೆಟ್ ಯಾರು ತಗೋತಾರೆ? ಇರೋ ಹಕ್ಕು ಬೀರುವಲ್ಲಿ ಮಡಚಿಟ್ಟ ರೇಷ್ಮೆ ಸೀರೆ ಇದ್ದಂಗೆ.

ನಮ್ಮ ನಾದಿನಿ ಯಜಮಾನ್ರು ಅಂತಾರೆ, ಭಾರತವೂ ಎರಡೆರಡು ಪೌರತ್ವ ಕೊಡಬೇಕು, ಓಟೂ ಕೊಡಬೇಕು, ಮಕ್ಕಳು ಇಲ್ಲಿಗೆ ಎಷ್ಟು ದುಡ್ಡು ಕಳಿಸ್ತಾರೆ ಅಂತ. ನಾನು ಒಪ್ಪಲ್ಲ. ನನ್ನ ಮಗಳೇ ಆದ್ರೂ ಸರಿ. ನಮ್ಮ ರಸ್ತೆ ಮೋರಿ ಕಟ್ಟಿಕೊಂಡ್ರೆ ಮೂಗು ಮುಚ್ಚಿಕೊಳ್ಳೋಳು ನಾನು. ಹಲಸೂರು ಕೆರೆ ವಾಸನೆ ಬಂದ್ರೆ ಕಿಟಕಿ ಹಾಕ್ಕೊಳ್ಳೋಳು ನಾನು. ಆ ಮೋರಿ ವಿಷಯಕ್ಕೆ ಓಟು ನನಗಿರಲಿ. ಅವಳು ಅಲ್ಲಿ ಮನೆ ಮುಂದಿನ ಹಿಮ ತಾನೇ ಗುಡಿಸ್ತಾಳೆ, ಅಲ್ಲಿನ ಸ್ಕೂಲಿನ ಮೀಟಿಂಗಿಗೆ ಹೋಗ್ತಾಳೆ, ಅಲ್ಲಿ ಓಟು ಹಾಕಲಿ. ಬಂದು ಹೋಗೋಕೆ ದಾರಿ ಇರಲಿ, ಅಪ್ಪನ ಹೊಲಕ್ಕೆ ಹಕ್ಕಿರಲಿ, ಅಪ್ಪ ಬದುಕಿರುವಾಗ್ಲೇ ಕೊಡೋಕಾಗಲಿ. ನಾನು ಕೇಳೋದು ಅಷ್ಟು.

ಓಟಿನ ಮಾತು ಬಂತಲ್ಲ, ನಮ್ಮದೇನು ದೊಡ್ಡ ಸಂಭ್ರಮ ಅಂತೀರಾ? ನಾವು ಇಲ್ಲೇ ಇದ್ದೂ ಕಾರ್ಪೊರೇಟರಿಗೆ ಓಟು ಹಾಕಿದ್ದು 2015ರ ಆಗಸ್ಟಲ್ಲಿ. ಅವ್ರ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು. ಆಮೇಲೆ ವರ್ಷಗಟ್ಟಲೆ ಆಫೀಸರುಗಳದೇ ಆಡಳಿತ. ಮಗಳು ಒಂದು ಸಲ ಕೇಳಿದ್ಲು, "ನಾನು ಓಟು ಕಳ್ಕೊಂಡೆ ಅಂತ ಅಪ್ಪನಿಗೆ ಬೇಜಾರು, ನೀವು ಇಟ್ಕೊಂಡು ಏನ್ಮಾಡಿದ್ರಿ?" ಅಂತ. ಬಾಯಿ ಮುಚ್ಚಿಸಿದ್ಲು.

ಇನ್ನೊಂದು ಮಾತು, ನನ್ನದೇ ತಪ್ಪು. ನಮ್ಮ ಹಿತ್ತಲ ಕಡೆ ಒಂದು ರೂಮಿದೆಯಲ್ಲ, ಅಲ್ಲಿ ಒಡಿಶಾ ಕಡೆಯ ಸಂಸಾರ ಇದ್ದಾರೆ, ಮೂರು ವರ್ಷ ಆಯ್ತು. ಗಂಡ ಕಟ್ಟಡದ ಕೆಲಸ, ಅವಳು ಇಂದಿರಾನಗರದಲ್ಲಿ ಮೂರು ಮನೆ ಕೆಲಸ. ಅವರ ಹುಡುಗಿ ಸರ್ಕಾರಿ ಕನ್ನಡ ಶಾಲೆಗೆ ಹೋಗುತ್ತೆ. ಬಾಗಿಲ ಮುಂದೆ ಕೂತು ಜೋರಾಗಿ ಕನ್ನಡ ಪಾಠ ಓದುತ್ತೆ. ನನ್ನ ಮೊಮ್ಮಗನಿಗೆ ಅಜ್ಜಿ ಅನ್ನೋದು ಬಿಟ್ಟರೆ ನಾಲ್ಕು ಪದ ಬಂದ್ರೆ ಹೆಚ್ಚು. ಆ ಹೆಂಗಸು ಎರಡು ಸಲ ಬಾಡಿಗೆ ಕರಾರು ಪತ್ರ ಕೇಳಿದ್ಲು, ಆಧಾರ್ ವಿಳಾಸ ಬದಲಾಯಿಸೋಕೆ. ನಾನು ಕೊಡಲಿಲ್ಲ. ಕೊಟ್ರೆ ರೂಮು ಬಿಡಲ್ಲ ಅಂದ್ರೆ ಏನು ಗತಿ ಅಂತ ಎಲ್ಲರೂ ಹೇಳ್ತಾರಲ್ಲ, ನಾನೂ ಹಂಗೇ ಅಂದ್ಕೊಂಡೆ. ನೀವೂ ನನ್ನ ತರಾನೇ, ಅದೂ ಗೊತ್ತು ನನಗೆ. ಆ ಕಡೆ ಕೆನಡಾದಲ್ಲಿ ಐದು ವರ್ಷದಲ್ಲಿ 1,095 ದಿನ ಇದ್ದೋರಿಗೆ, ಪರೀಕ್ಷೆ ಪಾಸಾದ್ರೆ, ದೇಶವನ್ನೇ ಕೊಡ್ತಾರೆ. ಈ ಸಂಸಾರ ನಮ್ಮ ಹಿತ್ತಲಲ್ಲಿ 1,095 ದಿನ ಕಳೆದಿದ್ದಾರೆ, ನಮ್ಮದೇ ದೇಶದೋರು, ನಾನು ಒಂದು ಹಾಳೆಗೆ ಸಹಿ ಹಾಕಲಿಲ್ಲ.

ಹಾಕಿದೆ, ಆಮೇಲೆ. ಸ್ಟ್ಯಾಂಪ್ ಪೇಪರಲ್ಲೇ ಮಾಡಿಸಿಕೊಟ್ಟೆ. ಓಟನ್ನೂ ಇಲ್ಲಿಗೇ ಹಾಕಿಸ್ಕೋ, ಈಗ ಪುರಾವೆ ಇದೆಯಲ್ಲ ಅಂತ ದೊಡ್ಡದಾಗಿ ಬುದ್ಧಿ ಹೇಳಿದೆ. ಅವಳು ನಕ್ಕು, "ಓಟು ಊರಲ್ಲೇ ಇರ್ಲಿ ಆಂಟಿ, ಅಲ್ಲಿ ಅತ್ತೆ ಮಾವ ಇದಾರೆ, ಮನೆ ಸ್ಕೀಮ್‌ನಲ್ಲಿ ಹೆಸರಿದೆ, ತೆಗೆದುಬಿಟ್ರೆ?" ಅಂದ್ಲು. ಸರಿ, ಅವಳ ಲೆಕ್ಕ ಅವಳಿಗೆ. ಆಧಾರ್ ಮಾತ್ರ ಈಗ ನಮ್ಮ ಹಲಸೂರಿನದು.

ನಮ್ಮನೆಯವ್ರು ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದ್ರು. ಆ ರಾತ್ರಿ ಅವ್ರೇ ಮಗಳಿಗೆ ಫೋನ್ ಮಾಡಿದ್ರು. ಉಯಿಲಿನ ಸುದ್ದಿ ಎತ್ತಲಿಲ್ಲ. "ನಿಮ್ಮ ರಾಜ ಹೆಂಗಿದಾನೆ?" ಅಂತ ಕೇಳಿದ್ರು. ಆ ಕಡೆಯಿಂದ ಅವಳು ಅಳೋಕೆ ಶುರು ಮಾಡಿದ್ಲು, ಇವ್ರು ಫೋನ್ ನನ್ನ ಕೈಗೆ ತುರುಕಿ ಎದ್ದು ಹೋದ್ರು.

ಡಿಸೆಂಬರ್ ಮೂರನೇ ವಾರ ಬರ್ತಾ ಇದ್ದಾರೆ, ಮೂವರೂ. ಹೊಲದ ಅವರೆ ಆ ಹೊತ್ತಿಗೆ ಸರಿಯಾಗಿ ಬಲಿತಿರುತ್ತೆ. ಹಿದುಕಿದ ಬೇಳೆ ಸಾರು, ಮುದ್ದೆ ಬೇಕು ಅಂತ ಈಗ್ಲೇ ಹೇಳಿಟ್ಟಿದ್ದಾಳೆ. ಎರಡು ಚೀಲ ಕಾಯಿ ಬಿಡಿಸಿ, ನೆನೆಸಿ, ಹಿದುಕಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಪಕ್ಕದ ಅಕ್ಕ, ಎದುರುಮನೆ ಅತ್ತಿಗೆ, ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದುಬಿಡಿ. ಹಿತ್ತಲ ರೂಮಿನೋಳೂ ಬರ್ತೀನಿ ಅಂದಿದ್ದಾಳೆ.